ಕಾಂಡೋಮ್ ಹರಿದು 26 ದಿನ ಆಯ್ತು, ಮಧ್ಯೆ ಜ್ವರ ಬಂತು. ರಾಜ್ಯೋತ್ಸವದ ಕ್ಯಾಂಪಿನಲ್ಲಿ ರಕ್ತ ಕೊಟ್ಟು ನೋಡಲಾ?

ಎರಡನೇ_ಶಿಫ್ಟ್
ಅಕ್ಟೋಬರ್ 29, ರಾತ್ರಿ 1.40

ಹೆಸರು ಹೇಳುವುದಿಲ್ಲ, ಬೇಜಾರು ಮಾಡ್ಕೋಬೇಡಿ. ವಯಸ್ಸು 29. ಊರು ದಾವಣಗೆರೆ ಹತ್ತಿರ, ಕೆಲಸ ಪೀಣ್ಯದಲ್ಲಿ, ಸಿಎನ್‌ಸಿ ಆಪರೇಟರ್. ಶ್ರಾವಣದಲ್ಲಿ ನಿಶ್ಚಿತಾರ್ಥ ಆಗಿದೆ, ಫೆಬ್ರವರಿಯಲ್ಲಿ ಮದುವೆ.

ಆಯುಧಪೂಜೆಗೆ ಮೆಷಿನ್ ತೊಳೆದು, ಕುಂಬಳಕಾಯಿ ಒಡೆದು, ನಾಲ್ಕು ಜನ ಗೋವಾಕ್ಕೆ ಹೋದೆವು. ಅಕ್ಟೋಬರ್ 3, ಶುಕ್ರವಾರ. ರಾತ್ರಿ ಚೆನ್ನಾಗಿ ಕುಡಿದಿದ್ದೆ. ಜೊತೆಗಿದ್ದವರು ಮಾತಾಡಿ ಗೊತ್ತು ಮಾಡಿದರು, ನಾನು ಬೇಡ ಎನ್ನಲಿಲ್ಲ. ಆಕೆ ನೋಡಲು ಆರೋಗ್ಯವಾಗೇ ಇದ್ದರು. ಕಾಂಡೋಮ್ ನನ್ನ ಪರ್ಸಿನಲ್ಲೇ ಇತ್ತು, ಯುಗಾದಿಗೂ ಮುಂಚಿನಿಂದ. ಮುಗಿದ ಮೇಲೆ ನೋಡಿದರೆ ತುದಿ ಹರಿದಿತ್ತು. ಯಾವಾಗ ಹರಿಯಿತೋ ಗೊತ್ತೇ ಆಗಲಿಲ್ಲ. ಆಗ ರಾತ್ರಿ ಸುಮಾರು 11 ಗಂಟೆ.

ಸೋಮವಾರ ಬೆಳಗ್ಗೆ 10ಕ್ಕೆ ಬೆಂಗಳೂರಿನಲ್ಲಿ ಒಂದು ಕ್ಲಿನಿಕ್‌ಗೆ ಹೋಗಿ ಎಲ್ಲ ಹೇಳಿದೆ. ಡಾಕ್ಟರ್ ಮುಖ ಕೂಡ ನೋಡಲಿಲ್ಲ. ‘ಮೂರು ತಿಂಗಳು ಬಿಟ್ಟು ಟೆಸ್ಟ್ ಮಾಡಿಸಿ’ ಎಂದು ಹೇಳಿ ಬಿ ಕಾಂಪ್ಲೆಕ್ಸ್ ಬರೆದುಕೊಟ್ಟರು. ತಡೆಯಲಾಗದೆ 12ನೇ ದಿನ ಲ್ಯಾಬಿಗೆ ಹೋಗಿ ಎಚ್‌ಐವಿ ಟೆಸ್ಟ್ ಮಾಡಿಸಿದೆ. ನಾನ್ ರಿಯಾಕ್ಟಿವ್, ಅಂದರೆ ನೆಗೆಟಿವ್ ಬಂತು. ಎರಡು ದಿನ ನಿದ್ದೆ ಬಂತು, ಅಷ್ಟೇ.

17ನೇ ದಿನ ನರಕ ಚತುರ್ದಶಿ. ಊರಲ್ಲಿದ್ದೆ. ಬೆಳಗ್ಗೆ ಅಮ್ಮ ಎಣ್ಣೆ ಬಟ್ಟಲು ಹಿಡಿದುಕೊಂಡು ತಲೆಗೆ ಹಚ್ಚಲು ಬಂದರು. ನಾನು ಬೇಡ ಎಂದು ಹಿಂದೆ ಸರಿದೆ. ಮುಟ್ಟಿದರೆ ಏನಾಗುತ್ತೋ ಅಂತ. ಅವರ ಮುಖ ಈಗಲೂ ಕಣ್ಣ ಮುಂದೆ ಬರುತ್ತದೆ. ಅವತ್ತು ಸಂಜೆಯೇ ಜ್ವರ, 101. ಗಂಟಲು ನೋವು. ಮೂರು ದಿನಕ್ಕೆ ಇಳಿಯಿತು. ಆಮೇಲೆ ಬಾಯಲ್ಲಿ ಒಂದು ಹುಣ್ಣು. ಮೊಣಕೈ ಕೆಳಗೆ ಕೆಂಪು ಗುಳ್ಳೆ. ಗುಳ್ಳೆ ಕೂಲೆಂಟ್‌ನಿಂದ (ಮೆಷಿನ್ ತಂಪು ಮಾಡಲು ಹರಿಸುವ ದ್ರವ) ಮುಂಚೆಯೂ ಬರುತ್ತಿತ್ತು, ಆದರೆ ಈಗ ಅದನ್ನು ನೋಡಿದರೆ ಹೊಟ್ಟೆ ಕಲಸುತ್ತದೆ. ರೂಮಿನಲ್ಲಿ ತಟ್ಟೆ, ಲೋಟ ಬೇರೆ ಇಟ್ಟುಕೊಂಡಿದ್ದೇನೆ. ಹುಡುಗಿ ಫೋನ್ ಮಾಡಿದರೆ ಶಿಫ್ಟ್ ಅಂತ ಸುಳ್ಳು ಹೇಳುತ್ತೇನೆ.

ಈಗ ಕೇಳಬೇಕಾಗಿದ್ದು ಏನೆಂದರೆ, ನವೆಂಬರ್ 1ಕ್ಕೆ ಫ್ಯಾಕ್ಟರಿಯಲ್ಲಿ ರಕ್ತದಾನ ಕ್ಯಾಂಪ್ ಇದೆ. ರಕ್ತ ಕೊಟ್ಟರೆ ಅವರೇ ಟೆಸ್ಟ್ ಮಾಡುತ್ತಾರೆ, ಏನಾದರೂ ಇದ್ದರೆ ಫೋನ್ ಬರುತ್ತೆ, ಇಲ್ಲದಿದ್ದರೆ ಇಲ್ಲ, ಯಾರಿಗೂ ಗೊತ್ತಾಗಲ್ಲ ಎಂದು ಒಬ್ಬ ಹೇಳಿದ. ಕೊಡಲಾ? ಸರ್ಕಾರಿ ಆಸ್ಪತ್ರೆಗೆ ಹೋದರೆ ಫ್ಯಾಕ್ಟರಿಗೆ ಸುದ್ದಿ ಹೋಗುತ್ತಾ?

ಬಯಲುಸೀಮೆ_77
ಅಕ್ಟೋಬರ್ 29, ಬೆಳಗ್ಗೆ 7.15

ಹೋಗುವಾಗ ಇಲ್ಲದ ಭಯ ಈಗ ಯಾಕೆ ಗುರು? ಮಾಡಿದ್ದುಣ್ಣೋ ಮಹಾರಾಯ. ಆ ಹುಡುಗಿ ಬಾಳು ಹಾಳು ಮಾಡಬೇಡ, ಅಷ್ಟೇ ಹೇಳೋದು.

ಕೊಠಡಿ_14
ಅಕ್ಟೋಬರ್ 29, ಮಧ್ಯಾಹ್ನ 2.05

ಮೊದಲು ಕ್ಯಾಂಪಿನ ವಿಷಯ. ದಯವಿಟ್ಟು ರಕ್ತ ಕೊಡಬೇಡಿ. ನವೆಂಬರ್ 1ಕ್ಕೆ ನಿಮಗೆ 29ನೇ ದಿನ. ಸೋಂಕು ತಗಲಿದ್ದರೂ ಟೆಸ್ಟಿನಲ್ಲಿ ಇನ್ನೂ ಕಾಣದಿರುವ ಅವಧಿ ಇದು. ವಿಂಡೋ ಪೀರಿಯಡ್ ಅನ್ನುತ್ತೇವೆ. ನಿಮ್ಮ ಚೀಲ ಪಾಸಾಗಿ, ಹೆರಿಗೆಯಲ್ಲಿ ರಕ್ತ ಹೋದ ಯಾರೋ ಹೆಣ್ಣುಮಗಳಿಗೆ ಹಾಕಿದರೆ? ಕ್ಯಾಂಪಿನ ಫಾರ್ಮಿನಲ್ಲಿ ಇಂಥ ಪ್ರಶ್ನೆ ಕೇಳಿರುತ್ತಾರೆ, ಎಲ್ಲರೂ ಸುಮ್ನೆ ‘ಇಲ್ಲ’ ಎಂದು ಟಿಕ್ ಹಾಕುತ್ತಾರೆ. ‘ಜ್ವರದಿಂದ ಈಗಷ್ಟೇ ಎದ್ದಿದ್ದೇನೆ’ ಎಂದು ಹೇಳಿ ತಪ್ಪಿಸಿಕೊಳ್ಳಿ. ಸುಳ್ಳೂ ಅಲ್ಲವಲ್ಲ.

ನಾನು ಒಂದು ತಾಲೂಕು ಆಸ್ಪತ್ರೆಯ ಐಸಿಟಿಸಿಯಲ್ಲಿ, ಅಂದರೆ ಎಚ್‌ಐವಿ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದಲ್ಲಿ, ಆಪ್ತ ಸಮಾಲೋಚಕಿ. 13 ವರ್ಷ ಆಯ್ತು. ನಮ್ಮ ಕೊಠಡಿ ಎಕ್ಸ್‌ರೇ ಪಕ್ಕದಲ್ಲಿದೆ. ನಿಮ್ಮಂಥವರು ಎಕ್ಸ್‌ರೇ ಸಾಲಿನಲ್ಲಿ ಅರ್ಧ ಗಂಟೆ ನಿಂತು, ಯಾರೂ ನೋಡದಾಗ ನಮ್ಮ ಬಾಗಿಲು ತಳ್ಳುತ್ತಾರೆ. ನನಗೆ ಗೊತ್ತಾಗುತ್ತದೆ, ಕೈಯಲ್ಲಿ ಎಕ್ಸ್‌ರೇ ಚೀಟಿ ಇರುವುದಿಲ್ಲ.

ಈಗ ಲೆಕ್ಕ. ಶುಕ್ರವಾರ ರಾತ್ರಿ 11ರಿಂದ ಸೋಮವಾರ ಬೆಳಗ್ಗೆ 10ಕ್ಕೆ 59 ಗಂಟೆ. ಎಚ್‌ಐವಿ ತಗಲದಂತೆ ತಡೆಯಲು 72 ಗಂಟೆಯೊಳಗೆ ಪೆಪ್ ಎನ್ನುವ ಮಾತ್ರೆ ಶುರು ಮಾಡಬಹುದು, 28 ದಿನ ತೆಗೆದುಕೊಳ್ಳಬೇಕು. ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು. ನೀವು ಸಮಯಕ್ಕೆ ಸರಿಯಾಗಿಯೇ ಹೋಗಿದ್ದಿರಿ. ಆ ಮಾತು ಅಲ್ಲಿ ಬರಬೇಕಿತ್ತು, ಬರಲಿಲ್ಲ. ನಿಮ್ಮ ಮಟ್ಟಿಗೆ ಅದು ಮುಗಿದ ಕಥೆ, ಅದನ್ನೇ ಕೆದಕುತ್ತಾ ಕೂರಬೇಡಿ. ಇದನ್ನು ಓದುತ್ತಿರುವ ಬೇರೆಯವರಿಗೆ ಮಾತ್ರ ಹೇಳುತ್ತೇನೆ: ಹರಿದ ರಾತ್ರಿಯೇ ದೊಡ್ಡ ಆಸ್ಪತ್ರೆಯ ಕ್ಯಾಶುಯಾಲ್ಟಿಗೋ ಎಚ್‌ಐವಿ ಚಿಕಿತ್ಸೆ ಕೊಡುವ ಎಆರ್‌ಟಿ ಸೆಂಟರ್‌ಗೋ ಹೋಗಿ, ‘ಪೆಪ್’ ಎಂಬ ಪದವನ್ನು ನೀವೇ ಬಾಯಿಬಿಟ್ಟು ಕೇಳಿ. ಕೊಡಬೇಕೋ ಬೇಡವೋ ಡಾಕ್ಟರ್ ನೋಡಿ ಹೇಳುತ್ತಾರೆ.

ಆಕೆಗೆ ಎಚ್‌ಐವಿ ಇತ್ತೋ ಇಲ್ಲವೋ ನಮಗೆ ಗೊತ್ತಿಲ್ಲ. ಇತ್ತು, ಮಾತ್ರೆ ತೆಗೆದುಕೊಳ್ಳುತ್ತಿರಲಿಲ್ಲ, ಕಾಂಡೋಮ್ ಮೊದಲಿನಿಂದಲೂ ಇರಲಿಲ್ಲ ಎಂದೇ ಇಟ್ಟುಕೊಳ್ಳಿ. ಆಗಲೂ ಯೋನಿ ಸಂಭೋಗದಲ್ಲಿ ಗಂಡಸಿಗೆ ತಗಲುವುದು 10,000 ಸಲಕ್ಕೆ ಸುಮಾರು 4 ಸಲ. ಹೆಂಗಸಿಗೆ ತಗಲುವುದು ಅದರ ಎರಡರಷ್ಟು, 8. ಗುದ ಸಂಭೋಗದಲ್ಲಿ ಒಳಗೆ ತೆಗೆದುಕೊಳ್ಳುವವರಿಗೆ 138, ಅದು ಬೇರೆ ಮಟ್ಟದ ಅಪಾಯ. ಇಬ್ಬರಲ್ಲಿ ಒಬ್ಬರಿಗೆ ಗುಪ್ತಾಂಗದಲ್ಲಿ ಹುಣ್ಣು ಇದ್ದರೆ, ಅಥವಾ ಎದುರಿನವರಿಗೆ ಸೋಂಕು ಹೊಸದಾಗಿ ತಗಲಿದ್ದರೆ ಈ ಅಂಕಿ ಏರುತ್ತದೆ. ಹಾಗಾಗಿ 4 ಎಂದು ಕೇಳಿ ಟೆಸ್ಟ್ ಬಿಟ್ಟುಬಿಡಬೇಡಿ. ‘ಒಂದೇ ಸಲ ಹೋಗಿದ್ದು ಮೇಡಂ’ ಎಂದು ನನ್ನ ಮುಂದೆ ಅತ್ತವರೂ ಇದ್ದಾರೆ.

ಜ್ವರದ ಬಗ್ಗೆ. ಹೊಸ ಸೋಂಕಿನಲ್ಲಿ ಎರಡರಿಂದ ನಾಲ್ಕು ವಾರಕ್ಕೆ ಕೆಲವರಿಗೆ ಜ್ವರ, ಗಂಟಲು ನೋವು, ಮೈ ಮೇಲೆ ಗುಳ್ಳೆ ಬರುವುದು ನಿಜ. ಅದೇ ಜ್ವರ, ಅದೇ ಗಂಟಲು ನೋವು ಹವಾಮಾನ ಬದಲಾದಾಗ ಅರ್ಧ ಊರಿಗೆ ಬರುವುದೂ ನಿಜ. ಎರಡಕ್ಕೂ ವ್ಯತ್ಯಾಸ ನನಗೂ ಗೊತ್ತಾಗುವುದಿಲ್ಲ, ದೊಡ್ಡ ಡಾಕ್ಟರಿಗೂ ಬರೀ ನೋಡಿ ಗೊತ್ತಾಗುವುದಿಲ್ಲ. ಏನೂ ಲಕ್ಷಣವೇ ಇಲ್ಲದೆ ಪಾಸಿಟಿವ್ ಬಂದವರನ್ನು ನೋಡಿದ್ದೇನೆ. ಎಲ್ಲ ಲಕ್ಷಣ ಪಟ್ಟಿ ಮಾಡಿಕೊಂಡು ಬಂದು ನೆಗೆಟಿವ್ ಆಗಿ ಹೋದವರನ್ನಂತೂ ವಾರಕ್ಕೊಮ್ಮೆ ನೋಡುತ್ತೇನೆ. ಕೂಲೆಂಟ್ ಗುಳ್ಳೆಗೆ ಚರ್ಮದ ಡಾಕ್ಟರ್ ಹತ್ತಿರ ಹೋಗಿ.

ನಿಮ್ಮ 12ನೇ ದಿನದ ಟೆಸ್ಟ್ ಹೇಳಿದ್ದು ಇಷ್ಟೇ: ಗೋವಾಕ್ಕೆ ಮೂರು ತಿಂಗಳು ಮುಂಚಿನ ತನಕ ನಿಮಗೆ ಸೋಂಕು ಇರಲಿಲ್ಲ. ಗೋವಾದ್ದನ್ನು ಹೇಳಲು ಅದಕ್ಕೆ ಇನ್ನೂ ವಯಸ್ಸಾಗಿರಲಿಲ್ಲ. ಲ್ಯಾಬಿನಲ್ಲಿ ನರದಿಂದ ರಕ್ತ ತೆಗೆದು ಮಾಡುವ ನಾಲ್ಕನೇ ತಲೆಮಾರಿನ ಟೆಸ್ಟ್ ಇದೆ, ಅದು ವೈರಸ್ಸಿನ ಪಿ24 ಅಂಶವನ್ನೂ ಹುಡುಕುತ್ತದೆ. 45 ದಿನ ದಾಟಿದ ಮೇಲೆ ಅದು ನೆಗೆಟಿವ್ ಬಂದರೆ ನಂಬಬಹುದು. ನಿಮಗೆ ಅದು ನವೆಂಬರ್ 17, ಸೋಮವಾರ. ನಮ್ಮಲ್ಲಿ ಬಳಸುವ ರ‍್ಯಾಪಿಡ್ ಕಿಟ್‌ಗೆ ಮೂರು ತಿಂಗಳು ಕಾಯಲು ಹೇಳುತ್ತೇವೆ, ಅಂದರೆ ಜನವರಿ 3. ಮದುವೆಗೆ ಇನ್ನೂ ಒಂದು ತಿಂಗಳು ಇರುತ್ತದೆ. ಆ ಎರಡು ತಾರೀಕು ಬಿಟ್ಟು ಬೇರೆ ದಿನ ಲ್ಯಾಬ್ ಕಡೆ ತಲೆ ಹಾಕಬೇಡಿ.

ಫ್ಯಾಕ್ಟರಿಗೆ ಸುದ್ದಿ ಹೋಗುವುದಿಲ್ಲ. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ನಿಮ್ಮ ಒಪ್ಪಿಗೆ ಇಲ್ಲದೆ ಟೆಸ್ಟ್ ಮಾಡುವಂತಿಲ್ಲ, ರಿಪೋರ್ಟ್ ಬೇರೆಯವರಿಗೆ ಹೇಳುವಂತಿಲ್ಲ, ಪಾಸಿಟಿವ್ ಎಂದು ಕೆಲಸದಿಂದ ತೆಗೆಯುವಂತಿಲ್ಲ. ನಮ್ಮಲ್ಲಿ ನಡೆಯುವುದು ಹೀಗೆ. ಬಾಗಿಲು ಹಾಕಿ ಮಾತಾಡುತ್ತೇವೆ. ಒಂದು ನಂಬರ್ ಕೊಡುತ್ತೇವೆ. ಪಕ್ಕದ ಲ್ಯಾಬಿನಲ್ಲಿ ರಕ್ತ ತೆಗೆಯುತ್ತಾರೆ. ನೀವು ಹೊರಗೆ ಹೋಗಿ ಒಂದು ಟೀ ಕುಡಿದು ಬನ್ನಿ. ಮೊದಲ ಕಿಟ್ ನೆಗೆಟಿವ್ ಆದರೆ ಅಲ್ಲಿಗೆ ಮುಗಿಯಿತು. ರಿಯಾಕ್ಟಿವ್ ಬಂದರೆ ಬೇರೆ ಎರಡು ಕಿಟ್‌ನಲ್ಲಿ ಮತ್ತೆ ನೋಡುತ್ತೇವೆ, ಮೂರೂ ಒಂದೇ ಹೇಳಿದರೆ ಮಾತ್ರ ಪಾಸಿಟಿವ್ ಎನ್ನುತ್ತೇವೆ. ಎಲ್ಲ ಉಚಿತ. ಜೊತೆಗೆ ಸಂಭೋಗದಿಂದ ಹರಡುವ ಇನ್ನೊಂದು ರೋಗ, ಸಿಫಿಲಿಸ್ ಟೆಸ್ಟ್ ಕೂಡ ಕೇಳಿ ಮಾಡಿಸಿ. ಎಲ್ಲರೂ ಎಚ್‌ಐವಿ ಎಂದು ಹೆದರಿ ಅದನ್ನು ಮರೆಯುತ್ತಾರೆ, ನಾನು ಜಾಸ್ತಿ ನೋಡಿದ್ದು ಅದನ್ನೇ. ಬೆಳಗಾಗುವ ತನಕ ತಡೆಯಲಾಗದಿದ್ದರೆ 1097ಕ್ಕೆ ಫೋನ್ ಮಾಡಿ, ದುಡ್ಡು ಹೋಗುವುದಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಇನ್ನು ತಟ್ಟೆ, ಲೋಟ. ಇವತ್ತೇ ಒಟ್ಟಿಗೆ ಹಾಕಿ ತೊಳೆಯಿರಿ. ಎಂಜಲಿನಿಂದ, ಬೆವರಿನಿಂದ, ಮುಟ್ಟುವುದರಿಂದ, ಸೊಳ್ಳೆಯಿಂದ ಬರುವುದಿಲ್ಲ. ನೀವು ಪಾಸಿಟಿವ್ ಆಗಿದ್ದರೂ ಅಮ್ಮನ ಕೈಲಿ ಎಣ್ಣೆ ಹಚ್ಚಿಸಿಕೊಳ್ಳಬಹುದಿತ್ತು.

77 ಅವರಿಗೆ: ನಿಮ್ಮಂಥ ಮಾತು ಕೇಳಿಸಿಕೊಂಡವರು ನಮ್ಮ ಬಾಗಿಲಿಗೆ ಎರಡು ವರ್ಷ ತಡವಾಗಿ ಬರುತ್ತಾರೆ. ಅಷ್ಟರಲ್ಲಿ ಮದುವೆಯೂ ಆಗಿರುತ್ತದೆ.

ತೂಕದ_ಚೀಟಿ
ಅಕ್ಟೋಬರ್ 29, ರಾತ್ರಿ 9.30

ಮೇಡಂ ‘ಎರಡು ತಾರೀಕು ಬಿಟ್ಟು ಬೇರೆ ದಿನ ಬೇಡ’ ಎಂದರಲ್ಲ, ಅದಕ್ಕೆ ನನ್ನ ಸಾಕ್ಷಿ. ನಾನು ಒಂದು ವರ್ಷದಲ್ಲಿ 11 ಸಲ ಟೆಸ್ಟ್ ಮಾಡಿಸಿದೆ. 11ಕ್ಕೆ 11 ನೆಗೆಟಿವ್. ಒಂದೇ ಲ್ಯಾಬಿಗೆ ಹೋಗಲು ನಾಚಿಕೆ, ಅದಕ್ಕೆ ರಾಜಾಜಿನಗರದಿಂದ ಜಯನಗರದ ತನಕ ಬೇರೆ ಬೇರೆ ಲ್ಯಾಬ್. ಪ್ರತಿ ಸಲ ರಿಪೋರ್ಟ್ ಬಂದಾಗ ಸಮಾಧಾನ. ನಾಲ್ಕನೇ ದಿನಕ್ಕೆ ‘ಸ್ಯಾಂಪಲ್ ಅದಲುಬದಲು ಆಗಿದ್ದರೆ?’ ಎಂದು ಶುರು.

ಕತ್ತಿನ ಗಂಟು ಇದೆಯಾ ಎಂದು ದಿನಕ್ಕೆ ಇಪ್ಪತ್ತು ಸಲ ಒತ್ತಿ ನೋಡುತ್ತಿದ್ದೆ. ಒತ್ತಿ ಒತ್ತಿಯೇ ಅದು ನೋಯಲು ಶುರುವಾಯಿತು. ನೋಯುತ್ತಿದೆ ಎಂದು ಮತ್ತೆ ಒತ್ತುವುದು. ಮೊಬೈಲ್ ಟಾರ್ಚ್ ಹಾಕಿ ನಾಲಿಗೆ ನೋಡುವುದು. ತೂಕ ಇಳಿಯುತ್ತಿದೆಯಾ ಎಂದು ಮೆಜೆಸ್ಟಿಕ್ ರೈಲ್ವೆ ಸ್ಟೇಷನ್ನಿನ ತೂಕದ ಮೆಷಿನ್‌ಗೆ ನಾಣ್ಯ ಹಾಕಿ ಚೀಟಿ ತೆಗೆದುಕೊಳ್ಳುತ್ತಿದ್ದೆ. ಪರ್ಸಿನಲ್ಲಿ ಮೂವತ್ತು ಚೀಟಿ ಇದ್ದವು, ಹಿಂದುಗಡೆ ಭವಿಷ್ಯ ಬೇರೆ ಬರೆದಿರುತ್ತದೆ. ಹೆದರಿ ಊಟ ಬಿಟ್ಟಿದ್ದಕ್ಕೆ ತೂಕ ನಿಜವಾಗಿಯೂ ಐದು ಕೆಜಿ ಇಳಿದಿತ್ತು.

ಕೊನೆಗೆ ಮನೋವೈದ್ಯರ ಹತ್ತಿರ ಹೋದೆ. ಒಸಿಡಿ ಎಂದರು, ಒಂದೇ ಯೋಚನೆ ಕಾಡಿ ಮಾಡಿದ್ದನ್ನೇ ಮತ್ತೆ ಮತ್ತೆ ಮಾಡಿಸುವ ಕಾಯಿಲೆ. ಮಾತ್ರೆ ಕೊಟ್ಟರು, ಜೊತೆಗೆ ಒಂದು ಕೆಲಸ ಕೊಟ್ಟರು: ಗಂಟು ಒತ್ತಬೇಕು ಅನಿಸಿದಾಗ ಹತ್ತು ನಿಮಿಷ ಮುಂದೂಡು, ಆಮೇಲೆ ಇಪ್ಪತ್ತು, ಆಮೇಲೆ ಒಂದು ಗಂಟೆ. ಮೊದಲ ವಾರ ಬೆವರುತ್ತಿದ್ದೆ. ಎರಡು ತಿಂಗಳಿಗೆ ಮರೆತೇಹೋಗುತ್ತಿತ್ತು. ಗುರುವೇ, ರಾತ್ರಿ 1.40ಕ್ಕೆ ಗೂಗಲ್ ನೋಡುವುದೂ ಗಂಟು ಒತ್ತುವುದೂ ಒಂದೇ ಜಾತಿ. ಮೂರು ತಿಂಗಳ ರಿಪೋರ್ಟ್ ಬಂದ ಮೇಲೂ ನಿನಗೆ ಹೀಗೇ ಆದರೆ ಲ್ಯಾಬಿಗೆ ಹೋಗಬೇಡ, 14416ಕ್ಕೆ ಫೋನ್ ಮಾಡು. ಸರ್ಕಾರದ ಟೆಲಿ ಮಾನಸ್, ಯಾವ ಹೊತ್ತಿನಲ್ಲಾದರೂ ಎತ್ತುತ್ತಾರೆ.

ರಾತ್ರಿ_9ರ_ಮಾತ್ರೆ
ಅಕ್ಟೋಬರ್ 30, ಬೆಳಗ್ಗೆ 6.20

ತಮ್ಮಾ, ನೀನು ಯಾವುದಕ್ಕೆ ಹೆದರುತ್ತಿದ್ದೀಯೋ ಅದು ನಾನೇ. ಎಚ್‌ಐವಿ ಪಾಸಿಟಿವ್, 2009ರಿಂದ. ತಿಪಟೂರಿನಲ್ಲಿ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ.

‘ಆಕೆ ನೋಡಲು ಆರೋಗ್ಯವಾಗಿದ್ದರು’ ಎಂದು ಬರೆದಿದ್ದೀಯಲ್ಲ, ಅದನ್ನು ಓದಿ ನಗು ಬಂತು. ನನ್ನನ್ನು ನೋಡಿದರೂ ಯಾರಿಗೂ ಗೊತ್ತಾಗುವುದಿಲ್ಲ. ಹರಾಜಿನ ದಿನ ಬೆಳಗ್ಗೆಯಿಂದ ಸಂಜೆ ತನಕ ನಿಂತೇ ಇರುತ್ತೇನೆ. ಇನ್ನೊಂದು ಮಾತು, ಆಕೆಗೂ ಆ ರಾತ್ರಿ ಕಾಂಡೋಮ್ ಹರಿದಿದೆ. ಆಕೆಯೂ ಯಾವುದೋ ಊರಿನಲ್ಲಿ ದಿನ ಎಣಿಸುತ್ತಿರಬಹುದು.

ನನಗೆ ಮೊದಲು ಟಿಬಿ ಬಂತು, ಆಗ ಟೆಸ್ಟ್ ಮಾಡಿ ಹೇಳಿದರು. ಸಿಡಿ4, ಅಂದರೆ ಸೋಂಕಿನ ವಿರುದ್ಧ ಹೋರಾಡುವ ರಕ್ತಕಣದ ಎಣಿಕೆ, 140ಕ್ಕೆ ಇಳಿದಿತ್ತು. ಅಷ್ಟು ಹೊತ್ತಿಗೆ ನಮ್ಮ ದೇಶದಲ್ಲಿ ಎಆರ್‌ಟಿ ಮಾತ್ರೆ ಉಚಿತವಾಗಿ ಕೊಡಲು ಶುರು ಮಾಡಿ ಐದು ವರ್ಷ ಆಗಿತ್ತು, ನನ್ನ ಪುಣ್ಯ. ಮೊದಲಿನ ಮಾತ್ರೆ ನುಂಗಿದರೆ ತಲೆ ತಿರುಗೋದು, ವಿಚಿತ್ರ ಕನಸು ಬೀಳೋದು. ಅದಕ್ಕೇ ಮಲಗುವ ಹೊತ್ತಿಗೆ, ರಾತ್ರಿ 9ಕ್ಕೆ ಅಭ್ಯಾಸ ಮಾಡಿಕೊಂಡೆ. ಈಗ ಟಿಎಲ್‌ಡಿ, ದಿನಕ್ಕೆ ಒಂದೇ ಮಾತ್ರೆ, ತಲೆ ತಿರುಗುವುದಿಲ್ಲ. ಆದರೂ 9 ಗಂಟೆ ಬಿಟ್ಟಿಲ್ಲ. ಮಗಳು ಆರನೇ ಕ್ಲಾಸು. ಅವಳಿಗೂ ಇಲ್ಲ, ನನ್ನ ಹೆಂಡತಿಗೂ ಇಲ್ಲ. ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ ಪ್ರಮಾಣ, ಟೆಸ್ಟಿನಲ್ಲಿ ಕಾಣದಷ್ಟು ಇಳಿದು ಹಾಗೇ ನಿಂತರೆ ಸಂಭೋಗದಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ಯುರೋಪಿನಲ್ಲಿ ಜೋಡಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ ಪಾರ್ಟ್‌ನರ್ ಅಧ್ಯಯನದಲ್ಲಿ ಹಾಗೆ ಹರಡಿದ್ದು ಒಂದೂ ಸಿಗಲಿಲ್ಲ ಎಂದು ನಮ್ಮ ಡಾಕ್ಟರ್ ಕಾಗದದ ಮೇಲೆ ಸೊನ್ನೆ ಬರೆದು ತೋರಿಸಿದರು. ಆ ಕಾಗದ ನನ್ನ ಹೆಂಡತಿ ಇನ್ನೂ ಇಟ್ಟುಕೊಂಡಿದ್ದಾಳೆ.

ನಿನಗೆ ಬರಲಿ ಎಂದು ಹೇಳುತ್ತಿಲ್ಲ. ಬರುವುದಿಲ್ಲ ಅಂತಲೇ ನನ್ನ ಅನಿಸಿಕೆ. ಆದರೆ ನೀನು ಬರೆದಿರುವ ರೀತಿ ನೋಡಿದರೆ, ರಿಯಾಕ್ಟಿವ್ ಎಂದರೆ ಅವತ್ತೇ ಎಲ್ಲ ಮುಗಿಯಿತು ಎಂದುಕೊಂಡಿದ್ದೀಯ. ನಾನು ಅವತ್ತು ಆಸ್ಪತ್ರೆಯಿಂದ ಬಸ್ ಸ್ಟ್ಯಾಂಡಿಗೆ ಬಂದು ಎರಡು ಇಡ್ಲಿ ತಿಂದೆ. ಹಸಿವಾಗಿತ್ತು.

ಎರಡನೇ_ಶಿಫ್ಟ್
ಅಕ್ಟೋಬರ್ 30, ಮಧ್ಯಾಹ್ನ 12.50

ಮೂರು ಸಲ ಓದಿದೆ. ಅಣ್ಣ, ನಿಮ್ಮ ಇಡ್ಲಿ ಓದಿ ಕ್ಯಾಂಟೀನಿನಲ್ಲೇ ಕಣ್ಣು ತುಂಬಿತು, ಪಕ್ಕದವನು ಖಾರ ಜಾಸ್ತಿನಾ ಎಂದ. ಕ್ಯಾಂಪಿಗೆ ಹೆಸರು ಕೊಟ್ಟಿದ್ದೆ, ತೆಗೆಸಿದೆ. ಮೇಡಂ, ಒಂದು ಪ್ರಶ್ನೆ. ಹುಡುಗಿಗೆ ಹೇಳಬೇಕಾ?

ಕೊಠಡಿ_14
ಅಕ್ಟೋಬರ್ 30, ಸಂಜೆ 5.40

ಅಂತಿಮ ರಿಪೋರ್ಟ್ ಬರುವ ತನಕ ಆಕೆಯ ಜೊತೆ ಕಾಂಡೋಮ್ ಇಲ್ಲದೆ ಏನೂ ಬೇಡ. ಇದು ಕಟ್ಟುನಿಟ್ಟು. ಪಾಸಿಟಿವ್ ಬಂದರೆ ಹೇಳಲೇಬೇಕು, ಹೇಗೆ ಹೇಳುವುದು ಎನ್ನುವುದಕ್ಕೆ ನಾವು ಜೊತೆಗಿರುತ್ತೇವೆ. ನೆಗೆಟಿವ್ ಬಂದರೆ ಹೇಳುವುದೋ ಬಿಡುವುದೋ ನಿಮಗೆ ಬಿಟ್ಟಿದ್ದು, ನಾನು ಅದಕ್ಕೆ ಸಲಹೆ ಕೊಡುವುದಿಲ್ಲ. ಒಂದು ಮಾತ್ರ ಗಮನಿಸಿದ್ದೇನೆ. ನೆಗೆಟಿವ್ ಬಂದ ಮೇಲೂ ಪದೇ ಪದೇ ಬರುವವರಲ್ಲಿ ಮುಕ್ಕಾಲು ಪಾಲು ಜನ ಟೆಸ್ಟ್ ಬಗ್ಗೆ ಹತ್ತು ನಿಮಿಷ ಮಾತಾಡುತ್ತಾರೆ, ಮನೆಯವರ ಬಗ್ಗೆ ಒಂದು ಗಂಟೆ.

ಮತ್ತೆ, ಹೊಸ ಕಾಂಡೋಮ್ ತೆಗೆದುಕೊಂಡರೆ ಪರ್ಸಿನಲ್ಲಿ ತಿಂಗಳುಗಟ್ಟಲೆ ಇಡಬೇಡಿ. ಕೂತು ಕೂತು, ಬಿಸಿಗೆ, ರಬ್ಬರ್ ಸೋತುಹೋಗುತ್ತದೆ. ಕೊಬ್ಬರಿ ಎಣ್ಣೆ ತಾಗಿಸಿದರೂ ಹರಿಯುತ್ತದೆ.

ಎರಡನೇ_ಶಿಫ್ಟ್
ನವೆಂಬರ್ 18, ರಾತ್ರಿ 11.10

ನಿನ್ನೆ ಮಾಡಿಸಿದೆ. ನಾಲ್ಕನೇ ತಲೆಮಾರಿನದ್ದು, ನೆಗೆಟಿವ್. ಸಿಫಿಲಿಸ್ ಕೂಡ ನೆಗೆಟಿವ್. ಗುಳ್ಳೆಗೆ ಚರ್ಮದ ಡಾಕ್ಟರ್ ಮುಲಾಮು ಕೊಟ್ಟು, ತೋಳಿಗೆ ಕೂಲೆಂಟ್ ತಾಗದಂತೆ ಉದ್ದ ಗ್ಲೌಸ್ ಹಾಕು ಎಂದರು. ಮೂರು ದಿನಕ್ಕೆ ಹೋಯ್ತು.

ಎರಡನೇ_ಶಿಫ್ಟ್
ಜನವರಿ 5, ರಾತ್ರಿ 10.25

ಇವತ್ತು ಐಸಿಟಿಸಿಗೆ ಹೋಗಿದ್ದೆ. ಎಕ್ಸ್‌ರೇ ಸಾಲಿನಲ್ಲಿ ನಿಲ್ಲಲಿಲ್ಲ ಮೇಡಂ, ಸೀದಾ ಬಾಗಿಲು ತಳ್ಳಿದೆ. ನೆಗೆಟಿವ್.

ತೂಕದ ಚೀಟಿ ಅವರೇ, 17ರಿಂದ ಇವತ್ತಿನ ತನಕ ಮಧ್ಯೆ ಒಂದು ಸಲವೂ ಹೋಗಲಿಲ್ಲ. ಎರಡು ಸಲ ಲ್ಯಾಬಿನ ಮೆಟ್ಟಿಲ ತನಕ ಹೋಗಿ ವಾಪಸ್ ಬಂದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಹುಡುಗಿಗೆ ಡಿಸೆಂಬರ್ ಎರಡನೇ ವಾರ ಫೋನಿನಲ್ಲಿ ಹೇಳಿದೆ. ಎಲ್ಲ. ಒಂಬತ್ತು ದಿನ ಮಾತಾಡಲಿಲ್ಲ. ಹತ್ತನೇ ದಿನ ಒಂದೇ ಮೆಸೇಜ್, ‘ಕೊನೇ ಟೆಸ್ಟ್ ಯಾವಾಗ?’ ಅಂತ. ತಾರೀಕು ಹೇಳಿದೆ. ಇವತ್ತು ಸಂಜೆ ರಿಪೋರ್ಟಿನ ಫೋಟೋ ಕಳಿಸಿದೆ. ನೀಲಿ ಟಿಕ್ ಬಂದಿದೆ, ಉತ್ತರ ಬಂದಿಲ್ಲ.

ಶನಿವಾರ ರಾತ್ರಿ ಬಸ್ಸಿಗೆ ಊರಿಗೆ ಹೋಗುತ್ತಿದ್ದೇನೆ. ಭಾನುವಾರ ತಲೆಗೆ ಎಣ್ಣೆ ಹಚ್ಚು ಎಂದು ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ಯಾವ ಹಬ್ಬ ಇದೆಯೋ ಅವತ್ತು ಎಂದರು.